ಶುಕ್ರವಾರದ ಹನ್ನೊಂದು ಹೆಸರುಗಳು

ಬಯಾನ್ ಲೆಪಾಸ್, ಪೆನಾಂಗ್
17 ಜನವರಿ 2021

ಪ್ರೀತಿಯ ಪಯಸ್,

ನಿನ್ನ ಕಿವಿಯ ಮೆಶಿನ್ ಕೆಟ್ಟು ಕೂತಿದೆ, ರಿಪೇರಿ ಅಂಗಡಿ ಬಾಗಿಲು ಹಾಕಿದೆ ಎಂದು ಎಲ್‌ಸ್ಟನ್ ಹೇಳಿದ. ನನ್ನ ಮಗ ರಾಜಧಾನಿಯಲ್ಲಿ, ಮಾಂಟ್ ಕಿಯಾರಾದ ಫ್ಲ್ಯಾಟಿನಲ್ಲಿ ಕೂತು ಅಮ್ಮನ ಸುದ್ದಿ ಮಾವನಿಗೆ, ಮಾವನ ಸುದ್ದಿ ಅಮ್ಮನಿಗೆ ಹಂಚುವ ಕೆಲಸ ಚೆನ್ನಾಗಿ ಮಾಡುತ್ತಾನೆ. ಹಾಗಾಗಿ ಫೋನು ಬೇಡ, ಕಾಗದವೇ ಸರಿ. ನನಗೂ ಅದೇ ಅನುಕೂಲ. ಫೋನಿನಲ್ಲಿ ನಿನ್ನ ಭಾವ ವಿಲ್ಫ್‌ನ ಹೆಸರೆತ್ತಿದರೆ ಸಾಕು, ಪಕ್ಕದ ಕೋಣೆಯಿಂದ ಬಂದು ಎದುರು ನಿಲ್ಲುತ್ತಾನೆ. ಕನ್ನಡದಲ್ಲಿ ಬರೆದರೆ ಆ ಇಂಗ್ಲಿಷ್ ಮನುಷ್ಯನಿಗೆ ಒಂದಕ್ಷರವೂ ತಿಳಿಯದು. ಮನೆಯಲ್ಲಿ ಕೊಂಕಣಿಯಲ್ಲೇ ಜಗಳವಾಡಿ ಬೆಳೆದವರು ನಾವು, ಆದರೂ ಪೆನ್ನು ಹಿಡಿದರೆ ಕನ್ನಡವೇ ಬರುತ್ತದಲ್ಲ. ಶಾಲೆಯ ಸಿಸ್ಟರ್‌ಗಳಿಗೆ ಪುಣ್ಯ ಬರಲಿ.

ಬುಧವಾರದಿಂದ ಮತ್ತೆ ಎಲ್ಲಕ್ಕೂ ಬೀಗ. ಅದೇ ಬೆಳಿಗ್ಗೆ ನಿನ್ನ ಭಾವ ಚೀಲ ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋಗಿಬಿಟ್ಟಿದ್ದ. ನಮ್ಮ ನೇಪಾಳಿ ಸೆಕ್ಯೂರಿಟಿ ರಮೇಶ ಕೈ ಅಡ್ಡ ಹಿಡಿದು "ಅಂಕಲ್, ನೋ ಗೋಯಿಂಗ್ ಔಟ್ ಲಾ" ಎಂದು ಮಲೇಷ್ಯಾದವರಂತೆಯೇ ಕೊನೆಗೊಂದು ಲಾ ಸೇರಿಸಿ ಹೇಳುತ್ತಿದ್ದಾನೆ, ಇವನು ಟ್ರೇನಿಂಗಿಗೆ ಲೇಟಾಯಿತೆಂದು ಕೂಗಾಡುತ್ತಿದ್ದಾನೆ. ನಾನು ನೈಟಿಯಲ್ಲೇ ಇಳಿದು ಓಡಿದೆ. ಏನು ಹೇಳಲಿ? ಕೊರೋನಾ ಎಂದರೆ ಅವನಿಗೆ ನೆನಪಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಮೈದಾನ ಹೆಪ್ಪುಗಟ್ಟಿದೆ ವಿಲ್ಫ್, ಟ್ರೇನಿಂಗ್ ಇಲ್ಲ."

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಾರ್ ಪಾರ್ಕಿನ ಮೇಲಿನ ಆಕಾಶ ನೋಡಿದ. "ಇನ್ನೂನಾ?" ಎಂದು ಕೇಳಿ ಸುಮ್ಮನೆ ಲಿಫ್ಟಿನ ಕಡೆ ತಿರುಗಿದ.

ನೀನಾಗ ಮಂಗಳೂರಿನಲ್ಲಿ ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದೆ, ಆದ್ದರಿಂದ ಹೇಳುತ್ತೇನೆ. 1963ರ ಚಳಿಗಾಲದಲ್ಲಿ ಇಂಗ್ಲೆಂಡಿನ ಮೈದಾನಗಳೆಲ್ಲ ಕಲ್ಲಾಗಿ ವಾರಗಟ್ಟಲೆ ಆಟವೇ ನಿಂತಿತ್ತು. ನಾನು ಹೋಲ್ಡನ್‌ಶಾ ಊರಿನ ಆಸ್ಪತ್ರೆಯಲ್ಲಿ ನರ್ಸ್. ಇವನು ಅದೇ ಊರಿನ ಫುಟ್‌ಬಾಲ್ ಕ್ಲಬ್ಬಿನ ಸೆಂಟರ್ ಹಾಫ್, ಗೋಲಿನ ಮುಂದೆ ನಿಂತು ಮೇಲಿಂದ ಬರುವ ಚೆಂಡನ್ನು ತಲೆಯಿಂದ ಹೊಡೆದು ಕಳಿಸುವವನು. ನಾಲ್ಕನೇ ಡಿವಿಷನ್ ಪಯಸ್, ಅದರ ಕೆಳಗೆ ಲೀಗೇ ಇಲ್ಲ. ಬೇಸಿಗೆಯಲ್ಲಿ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಉಳಿದ ತಿಂಗಳು ಆಟ. ಶುಕ್ರವಾರ ಮಧ್ಯಾಹ್ನ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಹನ್ನೊಂದು ಹೆಸರಿನ ಪಟ್ಟಿ ಅಂಟಿಸುತ್ತಿದ್ದರು. ಹೆಸರು ಇದ್ದವನು ಶನಿವಾರ ಆಡಬೇಕು, ಇಲ್ಲದವನು ಮನೆಗೆ ಹೋಗಬೇಕು. ಆ ಕಾಲದಲ್ಲಿ ಬದಲಿ ಆಟಗಾರ ಎಂಬುದೇ ಇರಲಿಲ್ಲ.

ಮರೆವಿನ ಕಾಯಿಲೆ ಅವನಿಂದ ಇಡೀ ಮಲೇಷ್ಯಾವನ್ನೇ ಅಳಿಸಿದೆ, ಆ ಪಟ್ಟಿಯನ್ನು ಮಾತ್ರ ಬಿಟ್ಟಿದೆ. ಈಗ ಪ್ರತಿ ಶುಕ್ರವಾರ ಫ್ರಿಜ್ಜಿನ ಬಾಗಿಲ ಮುಂದೆ ಬಂದು ಹುಡುಕುತ್ತಾನೆ. ಅದಕ್ಕೆ ನಾನೇ ಬರೆದು ಅಂಟಿಸುತ್ತೇನೆ. ಐದನೆಯ ಸಾಲು: ವಿಲ್ಫ್ ಕ್ರೋಶಾ. ಅದನ್ನು ಉಳಿದವಕ್ಕಿಂತ ದಪ್ಪವಾಗಿ ಬರೆಯುತ್ತೇನೆ. ನೋಡಿ ತಲೆಯಾಡಿಸಿ ಹೋಗುತ್ತಾನೆ. ಹೆಸರೊಂದು ಬಿಟ್ಟುಹೋದರೆ ಮನುಷ್ಯ ಕುಸಿದುಬೀಳುತ್ತಾನೆ, ನನಗೆ ಗೊತ್ತು.

ಕ್ರಿಸ್ಟಿನಾಗೆ ನೆನಪು ಹೇಳು. ನಿನ್ನ ಹೆಂಡತಿಯಾಗಿ ಅವಳು ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ನಿನ್ನ ಅಕ್ಕ,
ಬ್ಲಾಂಚ್


ಮೆಲಾಕಾ
29 ಜನವರಿ 2021

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಕ್ರಿಸ್ಟಿನಾ ನಕ್ಕಳು, ನಾನೂ ನಕ್ಕೆ. ಪೆನಾಂಗಿನ ಸೆಕೆಯಲ್ಲಿ ಹೆಪ್ಪುಗಟ್ಟಿದ ಮೈದಾನ! ಮೆಡಿಕಲ್ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದ್ದೇನೆ, ಈ ಔಷಧ ಯಾವ ಪುಸ್ತಕದಲ್ಲೂ ಇರಲಿಲ್ಲ. ನಿವೃತ್ತನಾದವನನ್ನು ಈಗ ಮತ್ತೆ ಕರೆದು ಆನ್‌ಲೈನಿನಲ್ಲಿ ಕೂರಿಸಿದ್ದಾರೆ. ಕಿವಿ ಕೇಳದ ಮೇಷ್ಟ್ರು, ಕ್ಯಾಮೆರಾ ಆಫ್ ಮಾಡಿದ ಹುಡುಗರು. ಇಬ್ಬರಿಗೂ ನೆಮ್ಮದಿ.

ಆದರೆ ಅಕ್ಕ, ನಿನಗೆ ಎಂಬತ್ತೊಂದು. ಭಾವ ಎತ್ತರದ ಆಳು. ಸ್ನಾನ ಮಾಡಿಸುವಾಗ ಯಾರು ಜೊತೆಗಿರುತ್ತಾರೆ? ಹೋದ ವರ್ಷ ಬರುತ್ತಿದ್ದ ಹೆಂಗಸು ಊರಿಗೆ ಹೋದವಳು ವಾಪಸು ಬಂದಳಾ? ರಾಜ್ಯದ ಗಡಿ ದಾಟಲು ಪೊಲೀಸರ ಅನುಮತಿ ಬೇಕು, ಇಲ್ಲದಿದ್ದರೆ ಈ ಪ್ರಶ್ನೆ ಕೇಳದೆ ಬಂದೇ ನೋಡುತ್ತಿದ್ದೆ.

ಇನ್ನೊಂದು. ಶುಕ್ರವಾರದ ಬಗ್ಗೆ ಅಷ್ಟು ಬರೆದಿದ್ದೀ. ಶನಿವಾರ ಏನಾಗುತ್ತದೆ ಎಂದು ಬರೆಯಲೇ ಇಲ್ಲ.

ಪಯಸ್


ಬಯಾನ್ ಲೆಪಾಸ್
20 ಫೆಬ್ರವರಿ 2021

ಪ್ರೀತಿಯ ಪಯಸ್,

ಶನಿವಾರ ಚೆನ್ನಾಗಿಯೇ ಕಳೆಯುತ್ತದೆ. ಬೆಳಿಗ್ಗೆ ಬೇಗ ಏಳುತ್ತಾನೆ, ಚಡ್ಡಿ ಮಡಿಸಿ ಮಂಚದ ಮೇಲಿಡುತ್ತಾನೆ. ತಿಂಡಿ ಮುಟ್ಟುವುದಿಲ್ಲ. ಆಟಗಾರರು ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಹಾಲ್‌ನಲ್ಲಿ ಆಚೀಚೆ ನಡೆಯತೊಡಗುತ್ತಾನೆ. ಮೂರು ಗಂಟೆಗೆ ನಾನು ಮಂಜು ಮುಸುಕಿದೆ, ರೆಫರಿ ಆಟ ನಿಲ್ಲಿಸಿದ್ದಾನೆ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಸರಿಯಾಗುತ್ತಾನೆ.

ಎಲ್‌ಸ್ಟನ್ ಪೆಟಾಲಿಂಗ್ ಜಯಾದ ಒಂದು ಕೇರ್ ಹೋಮಿನ ಫೋಟೋ ಕಳಿಸಿದ್ದ. ತೋಟವಿದೆ, ಪಿಯಾನೋ ಇದೆ, ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ನಗುತ್ತಿದ್ದಾರೆ. ಅಳಿಸಿ ಹಾಕಿದೆ. ಅಪರಿಚಿತರ ಗಂಡಂದಿರನ್ನೆಲ್ಲ ತೊಳೆದು ಒರೆಸಿದ ನರ್ಸಿಗೆ ತನ್ನ ಗಂಡನನ್ನು ನೋಡಿಕೊಳ್ಳಲು ಬರುವುದಿಲ್ಲವಂತೆ!

ನಾನು ಅವನನ್ನು ಯಾಕೆ ಮದುವೆಯಾದೆ ಎಂದು ಅಪ್ಪ ಸಾಯುವವರೆಗೂ ಕೇಳುತ್ತಿದ್ದರು, ನೆನಪಿದೆಯಾ? ಆಗಿನ ಚೆಂಡು ಚರ್ಮದ್ದು, ಮಳೆ ನೀರು ಕುಡಿದರೆ ಕಲ್ಲಿನಷ್ಟು ಭಾರ. ಅದರ ಹೊಲಿಗೆ ತಾಗಿ ಹುಬ್ಬು ಸೀಳಿಕೊಂಡು ನನ್ನ ವಾರ್ಡಿಗೆ ಬಂದಿದ್ದ. ನಾನು ಹೊಲಿಗೆ ಹಾಕಲು ಸಹಾಯಕ್ಕೆ ನಿಂತಿದ್ದೆ. ಇಡೀ ಹೊತ್ತು ಒಂದೇ ಮಾತು: "ಸಿಸ್ಟರ್, ಶನಿವಾರಕ್ಕೆ ಆಡಬಹುದಾ?" ಇಷ್ಟು ಹಟದವನು ಸಿಕ್ಕರೆ ಬಿಡಬಾರದು ಎಂದು ಆಗಲೇ ನಿರ್ಧರಿಸಿದೆ. ಆ ಹಟವನ್ನು ತೋಟ ಪಿಯಾನೋಗಳ ನಡುವೆ ಕೂರಿಸಿ ಬರಲು ನನ್ನಿಂದಾಗದು.

ಬ್ಲಾಂಚ್


ಮೆಲಾಕಾ
8 ಮಾರ್ಚ್ 2021

ಪ್ರೀತಿಯ ಅಕ್ಕ,

ಕಾಗದ ಬಂತು. ಮೊದಲು ಕ್ರಿಸ್ಟಿನಾಗೆ ತೋರಿಸಿದೆ. ಅವಳಿಗೂ ನನಗೆ ಅನಿಸಿದ್ದೇ ಅನಿಸಿತು. ಅಕ್ಷರಗಳೆಲ್ಲ ವಾಲಿವೆ, ಈ ಕಾಗದ ನೀನು ಎಡಗೈಯಲ್ಲಿ ಬರೆದದ್ದು.

ಬಲಗೈಗೆ ಏನಾಗಿದೆ? ಯಾವ ದಿನ ಆಯಿತು? ಶನಿವಾರ ಎಂದು ನನ್ನ ಊಹೆ. ತಪ್ಪಾಗಿದ್ದರೆ ಬೈದು ಬರೆ, ಬಲಗೈಯಲ್ಲಿ ಬರೆ.

ಪಯಸ್


ಬಯಾನ್ ಲೆಪಾಸ್
15 ಮಾರ್ಚ್ 2021

ಪಯಸ್,

ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ನೋವು ಈಗಿಲ್ಲ.

ಅವನು ಹೊಡೆಯಲಿಲ್ಲ. ಇದನ್ನು ನೀನು ಚೆನ್ನಾಗಿ ತಿಳಿದುಕೋ. ಮಂಜು ಬಂದಿದೆ ಎಂದು ಹೇಳಲು ಹತ್ತಿರ ಹೋದೆ. ಅವನ ಮುಖ ಬಿಳಿಚಿತ್ತು, ಮೈ ನಡುಗುತ್ತಿತ್ತು. ಕಾರ್ನರ್ ಕಿಕ್ ಬಂದಾಗ ಎದುರಾಳಿಯನ್ನು ಭುಜದಿಂದ ದೂಡುತ್ತಾರಲ್ಲ, ಹಾಗೆ ದೂಡಿದ. ನಾನು ಡೈನಿಂಗ್ ಟೇಬಲ್ಲಿಗೆ ತಾಗಿ ಬಿದ್ದೆ. ಕೆಳಗಿನ ಮಹಡಿಯ ಚಾಮುಂಡಿ ಸದ್ದು ಕೇಳಿ ಓಡಿ ಬಂದಳು. ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಹಿಂದೆ ಫ್ಯಾಕ್ಟರಿಯಲ್ಲಿದ್ದ ತಮಿಳು ಹೆಂಗಸು, ಗಟ್ಟಿಗಿತ್ತಿ. "ಅಕ್ಕಾ, ಒಬ್ಬಳೇ ಎಷ್ಟು ದಿನ ಮಾಡ್ತೀಂಗ?" ಎಂದು ನನ್ನನ್ನೇ ಗದರಿದಳು.

ಎಲ್‌ಸ್ಟನ್‌ಗೆ ಹೇಳಬೇಡ. ಹೇಳಿದರೆ ನೀನು ನನ್ನ ತಮ್ಮನೇ ಅಲ್ಲ.

ಬ್ಲಾಂಚ್


ಮೆಲಾಕಾ
2 ಏಪ್ರಿಲ್ 2021, ಶುಭ ಶುಕ್ರವಾರ

ಪ್ರೀತಿಯ ಅಕ್ಕ,

ಹೇಳಿಬಿಟ್ಟೆ.

ಇವತ್ತಿನ ದಿನ ಸುಳ್ಳು ಬರೆಯಲಾರೆ. ನಿನ್ನ ಕಾಗದ ಬರುವ ಮೊದಲೇ, ಎಡಗೈ ಅಕ್ಷರ ನೋಡಿದ ದಿನವೇ ಹೇಳಿದ್ದೆ. ಎಲ್‌ಸ್ಟನ್ ಆ ಹೋಮಿನಲ್ಲಿ ಭಾವನಿಗೆ ಒಂದು ಕೋಣೆ ಹಿಡಿದಿಟ್ಟಿದ್ದಾನೆ. ಗಡಿ ತೆರೆದ ಕೂಡಲೇ ಬಂದು ಕರೆದುಕೊಂಡು ಹೋಗುತ್ತಾನೆ. ನಾನು ಒಪ್ಪಿಗೆ ಕೊಟ್ಟಿದ್ದೇನೆ. ಮುಂದಿನ ಸಲ ಮುರಿಯುವುದು ಸೊಂಟವಾದರೆ ನೀನು ಏಳುವುದಿಲ್ಲ ಅಕ್ಕ. ನೀನಿಲ್ಲದ ಮನೆಯಲ್ಲಿ ಭಾವ ಏನು ಮಾಡುತ್ತಾರೆ?

ಈ ಬುದ್ಧಿ ಹೇಳುವುದು ನನ್ನ ವೃತ್ತಿ. ಮನೆಯವರಿಗೆ ಹೇಳುತ್ತಿರುವುದು ಇದೇ ಮೊದಲು.

ಪಯಸ್


ಮೆಲಾಕಾ
18 ಜೂನ್ 2021

ಪ್ರೀತಿಯ ಅಕ್ಕ,

ಈಸ್ಟರ್ ಕಳೆದು ಎಷ್ಟು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಇಬ್ಬರಿಗೂ ಲಸಿಕೆ ಆಯಿತೆಂದು ಎಲ್‌ಸ್ಟನ್‌ನಿಂದ ತಿಳಿಯಿತು. ಕೋಪ ಮಾಡಿಕೋ, ಆದರೆ ಇದನ್ನು ಪೂರ್ತಿ ಓದು.

ನಾನು ಮೊದಲ ಸಲ ಪೆನಾಂಗಿಗೆ ಬಂದಾಗ ಭಾವ ಶಾಲಾ ಹುಡುಗರಿಗೆ ಕೋಚ್ ಆಗಿದ್ದರು. ಒಂದು ಸಂಜೆ ನೀನು ಡ್ಯೂಟಿಗೆ ಹೋಗಿದ್ದೆ, ನಾವಿಬ್ಬರೂ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯ ಹೊರಗಿನ ಮೇಜಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆವು. ನಿಮ್ಮಂಥ ಆಟಗಾರರಿಗೆ ಶನಿವಾರ ಎಂದರೆ ಹಬ್ಬ ಅಲ್ಲವಾ ಎಂದು ನಾನು ಕೇಳಿದೆ. ಅವರು ಹೇಳಿದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ:

"ಪ್ರತಿ ಶನಿವಾರ ಬೆಳಿಗ್ಗೆ ವಾಂತಿ ಆಗ್ತಿತ್ತು ಪಯಸ್. ಆ ಚೆಂಡು ಮೇಲಿಂದ ಬರೋದು ನೋಡಿದ್ರೆ ಕಣ್ಣು ಮುಚ್ಚಿಬಿಡೋಣ ಅನ್ನಿಸ್ತಿತ್ತು. ಶುಕ್ರವಾರ ಪಟ್ಟಿ ನೋಡೋಕೆ ಹೋಗುವಾಗ, ದೇವರೇ, ಈ ವಾರ ನನ್ನ ಹೆಸರು ಇರೋದು ಬೇಡ ಅಂತ ಬೇಡ್ಕೊಳ್ತಿದ್ದೆ. ಆದ್ರೆ ಅಮ್ಮ ಇದ್ದದ್ದು ಕ್ಲಬ್ಬಿನ ಮನೇಲಿ. ಕ್ಲಬ್ಬಿನವರು ನನ್ನ ಕೈಬಿಟ್ರೆ ಅವಳು ಮನೆ ಬಿಡಬೇಕು. ಅದಕ್ಕೆ ಹೋಗ್ತಿದ್ದೆ."

ಆಮೇಲೆ ನನ್ನ ಕೈ ಹಿಡಿದು, "ಬ್ಲಾಂಚ್‌ಗೆ ಹೇಳಬೇಡ. ಅವಳು ನನ್ನನ್ನ ಧೈರ್ಯಸ್ಥ ಅಂದ್ಕೊಂಡಿದಾಳೆ" ಎಂದರು.

ನಾನಾಗ ಅದನ್ನು ಇಂಗ್ಲಿಷರ ವಿನಯ ಎಂದುಕೊಂಡೆ, ನಕ್ಕೂಬಿಟ್ಟೆ. ನಿನ್ನ ಮಾರ್ಚ್ ತಿಂಗಳ ಕಾಗದದಲ್ಲಿ 'ಮುಖ ಬಿಳಿಚಿತ್ತು, ಮೈ ನಡುಗುತ್ತಿತ್ತು' ಎಂದು ಓದಿದ ಮೇಲೆ ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಅಕ್ಕ, ಆ ಮನುಷ್ಯ ತೊಂಬತ್ತರ ಹತ್ತಿರದಲ್ಲಿ ಪ್ರತಿ ವಾರ ಆಡಲು ಹೆದರಿ ಸಾಯುತ್ತಿದ್ದಾರೆ. ಹೆಸರು ಬರೆಯುತ್ತಿರುವವಳು ನೀನು.

ಒಂದು ಶುಕ್ರವಾರ ಬಿಟ್ಟು ನೋಡು.

ಪಯಸ್


ಬಯಾನ್ ಲೆಪಾಸ್
4 ಜುಲೈ 2021

ಪಯಸ್,

ನನ್ನ ಗಂಡನನ್ನು ನನಗಿಂತ ಚೆನ್ನಾಗಿ ಬಲ್ಲವನು ನೀನಾ? ಒಂದು ಲೋಟ ಟೀ ಕುಡಿದು?

ಒಮ್ಮೆ ನಿಜವಾಗಿಯೂ ಅವನ ಹೆಸರು ಬಿಟ್ಟಿದ್ದರು. ನಮಗಾಗ ಮದುವೆ ನಿಶ್ಚಯವಾಗಿತ್ತು. ಆ ವಾರವೆಲ್ಲ ಅವನು ನನ್ನೊಡನೆ ಮಾತಾಡಲಿಲ್ಲ, ನದಿ ದಂಡೆಯಲ್ಲಿ ಒಬ್ಬನೇ ನಡೆಯುತ್ತಿದ್ದ. ಆ ಮುಖ ನಾನು ನೋಡಿದ್ದೇನೆ, ನೀನು ನೋಡಿಲ್ಲ. ಅದನ್ನು ಈ ವಯಸ್ಸಿನಲ್ಲಿ ನನ್ನ ಕೈಯಾರೆ ಮತ್ತೆ ಕೊಡಲೇ? ಹಾಗೆ ಮಾಡುವುದಿಲ್ಲ.

ಕೋಣೆ ಹಿಡಿದಿಟ್ಟವರು ನೀವು. ಈಗ ಅವನು ಹೇಡಿ ಎಂದೂ ಹೇಳುತ್ತಿದ್ದೀ. ಇನ್ನು ಬರೆಯಬೇಡ.

ಬ್ಲಾಂಚ್


ಮೆಲಾಕಾ
11 ಅಕ್ಟೋಬರ್ 2021

ಪ್ರೀತಿಯ ಅಕ್ಕ,

ಬರೆಯಬೇಡ ಎಂದಿದ್ದೆ, ಇಷ್ಟು ದಿನ ಬರೆಯಲಿಲ್ಲ. ಇವತ್ತು ಗಡಿ ತೆರೆಯಿತು. ಎಲ್‌ಸ್ಟನ್ ಇಪ್ಪತ್ತಮೂರನೇ ತಾರೀಕು, ಶನಿವಾರ, ಕಾರು ತರುತ್ತಾನೆ. ನಾನೂ ಅವನ ಜೊತೆ ಬರುತ್ತೇನೆ. ಭಾವನ ಬಟ್ಟೆ ನೀನು ಕಟ್ಟಬೇಡ, ನಾನು ಕಟ್ಟುತ್ತೇನೆ.

ಹೇಡಿ ಎಂದು ನಾನು ಹೇಳಲಿಲ್ಲ ಅಕ್ಕ. ಇನ್ನೊಮ್ಮೆ ಓದು.

ಪಯಸ್


ಬಯಾನ್ ಲೆಪಾಸ್
17 ಅಕ್ಟೋಬರ್ 2021

ಪ್ರೀತಿಯ ಪಯಸ್,

ಇನ್ನೊಮ್ಮೆ ಓದಿದೆ. ಇದು ಬಲಗೈ ಬರಹ, ಗಮನಿಸು.

ಗುರುವಾರ ನಿನ್ನ ಕಾಗದ ಕೈಗೆ ಬಂತು. ಇನ್ನೊಂದು ವಾರದಲ್ಲಿ ಅವನನ್ನು ಕರೆದುಕೊಂಡು ಹೋಗುತ್ತೀರಿ ಎಂದಾದ ಮೇಲೆ ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಸಿಟ್ಟಿನಿಂದಲೇ ಶುಕ್ರವಾರ ಬೆಳಿಗ್ಗೆ ಪಟ್ಟಿ ಬರೆಯಲು ಕೂತೆ, ನೀನು ತಪ್ಪೆಂದು ತೋರಿಸಬೇಕಿತ್ತು. ಐದನೆಯ ಸಾಲಿಗೆ ಬಂದಾಗ ಯಾರ ಹೆಸರು ಹಾಕುವುದೆಂದು ತಿಳಿಯಲಿಲ್ಲ. ನಿನ್ನದು ಹಾಕಿದೆ. ಮೈದಾನದಲ್ಲಿ ನೀನು ಒದೆ ತಿನ್ನಬೇಕು ಎಂದು ಮನಸ್ಸು ಬಯಸಿತು, ಕ್ಷಮಿಸು.

ಅವನು ಊಟಕ್ಕೆ ಮೊದಲು ಬಂದ. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದ. ಐದರಲ್ಲಿ ಬೆರಳು ನಿಂತಿತು. ನಾನು ಒಲೆಯ ಮುಂದೆ ಕಲ್ಲಿನಂತೆ ನಿಂತಿದ್ದೆ. ನದಿ ದಂಡೆಯ ಮುಖವನ್ನೇ ಕಾಯುತ್ತಿದ್ದೆ.

"ಪಯಸ್?" ಎಂದ.

"ಹೌದು."

"ಅವನಿಗೆ ಹೆಡ್ ಮಾಡೋಕೆ ಬರ್ತದಾ?"

"ಕಲಿತುಕೊಳ್ತಾನೆ" ಎಂದೆ.

"ಪಾಪ" ಎಂದ ಅವನು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದ, ಎಲ್ಲೂ ತನ್ನ ಹೆಸರಿಲ್ಲ ಎಂದು ಖಾತ್ರಿ ಮಾಡಿಕೊಂಡ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ದೊಡ್ಡ ಉಸಿರು ಬಿಟ್ಟ. "ತಿನ್ನೋಕೆ ಏನಿದೆ?" ಎಂದು ಕೇಳಿದ. ಅನ್ನ ಮೀನು ಎರಡು ಸಲ ಬಡಿಸಿದೆ. ನಿನ್ನೆ ಶನಿವಾರ ಬಿಸಿಲು ಬಾಲ್ಕನಿಗೆ ಬರುವವರೆಗೆ ಮಲಗಿದ್ದ. ಚಡ್ಡಿ ಕೇಳಲಿಲ್ಲ. ಎದ್ದು ಟೋಸ್ಟಿಗೆ ತೆಂಗಿನ ಹಾಲಿನ ಕಾಯಾ ಜಾಮ್ ಹಚ್ಚಿಕೊಂಡು ತಿಂದ. ಪಟ್ಟಿ ಅಂಟಿಸತೊಡಗಿದ ಮೇಲೆ ಶನಿವಾರ ಬೆಳಿಗ್ಗೆ ಅವನು ಏನಾದರೂ ತಿಂದದ್ದನ್ನು ನಾನು ನೋಡಿದ್ದೇ ಇಲ್ಲ.

ಬಚ್ಚಲಿಗೆ ಹೋಗಿ ಅತ್ತೆ ಪಯಸ್. ನಿನ್ನ ಮೇಲಿನ ಸಿಟ್ಟಿಗಲ್ಲ. ಮದುವೆಗೆ ಮುಂಚೆ ಎಷ್ಟೋ ಶನಿವಾರ ಮೈದಾನದ ಬೇಲಿ ಹಿಡಿದು ನಿಂತು, ನೋಡಿ ನನ್ನವನು ಹೇಗೆ ಆಡುತ್ತಾನೆ ಎಂದು ಬೀಗಿದ್ದೆ. ನಿನಗಿದು ಇಷ್ಟವಾ ಎಂದು ಅವನನ್ನು ಒಮ್ಮೆಯೂ ಕೇಳಲಿಲ್ಲ. ನದಿ ದಂಡೆಯಲ್ಲಿ ಅವನಿಗಿದ್ದದ್ದು ಅವನಮ್ಮನ ಮನೆಯ ಚಿಂತೆ, ಆಟ ತಪ್ಪಿದ ದುಃಖವಲ್ಲ. ಇಷ್ಟವಿದ್ದು ಆಡುವವನಿಗೆ ಧೈರ್ಯ ಯಾಕೆ ಬೇಕು? ವಾಂತಿ ಮಾಡಿ, ಬಾಯಿ ತೊಳೆದು, ಮೈದಾನಕ್ಕೆ ಹೋಗಿ ಆ ಚೆಂಡಿಗೆ ತಲೆ ಕೊಟ್ಟವನು ಅವನು. ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಮನುಷ್ಯನನ್ನೇ ಮದುವೆಯಾಗಿದ್ದೇನೆ.

ಈಗ ಕೇಳು. ಇಪ್ಪತ್ತಮೂರಕ್ಕೆ ಇಬ್ಬರೂ ಬನ್ನಿ, ಊಟಕ್ಕೆ. ಹಂದಿ ಮಾಂಸ ಮಾಡುತ್ತೇನೆ. ವಾಪಸು ಹೋಗುವಾಗ ಕಾರಿನಲ್ಲಿ ನೀವಿಬ್ಬರೇ ಇರುತ್ತೀರಿ. ಆ ಕೋಣೆ ಬೇರೆ ಯಾರಿಗಾದರೂ ಸಿಗಲಿ ಎಂದು ಎಲ್‌ಸ್ಟನ್‌ಗೆ ನಿನ್ನೆಯೇ ಹೇಳಿದ್ದೇನೆ. ಅವನು "ಅಮ್ಮ, ಬಟ್" ಎಂದ, ನಾನು ಫೋನಿಟ್ಟೆ. ಒಂದು ಶನಿವಾರದಿಂದ ಕಾಯಿಲೆ ವಾಸಿಯಾಗುವುದಿಲ್ಲ, ನನಗೂ ಗೊತ್ತು, ನರ್ಸ್ ನಾನು. ಕೆಟ್ಟ ದಿನಗಳು ಬಂದೇ ಬರುತ್ತವೆ. ಅದಕ್ಕೆ ಚಾಮುಂಡಿಯನ್ನು ಒಪ್ಪಿಸಿದ್ದೇನೆ, ಇನ್ನು ದಿನಾ ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಲು ಬರುತ್ತಾಳೆ, ಸಂಜೆಯೂ ಬರುತ್ತಾಳೆ. ಒಬ್ಬಳೇ ಮಾಡುತ್ತೇನೆ ಎನ್ನುವ ಜಂಬ ಬಿಟ್ಟಿದ್ದೇನೆ. ಅವನನ್ನು ಮಾತ್ರ ಬಿಡುವುದಿಲ್ಲ.

ನಿನ್ನೆ ಮೂರು ಗಂಟೆಗೆ, ಅವನು ನಡುಗುವ ಹೊತ್ತಿಗೆ, ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಿವಿಯೆಲ್ಲ ಒಳಗಿತ್ತು. ಅವನು ನಿಧಾನವಾಗಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತ. ಏರ್‌ಪೋರ್ಟಿಗೆ ಎಷ್ಟೋ ದಿನದ ಮೇಲೆ ಒಂದು ವಿಮಾನ ಇಳಿಯುತ್ತಿತ್ತು, ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು.

"ಇವತ್ತು ನಿನ್ನ ಹೆಸರಿದೆಯಾ?" ಎಂದು ಕೇಳಿದ.

"ಇಲ್ಲ. ನಿನ್ನದೂ ಇಲ್ಲ."

"ಮತ್ತೆ ಯಾಕೆ ನಿಂತಿದ್ದೀ? ಕೂತ್ಕೋ ಲಾ."

ಕೂತೆ ಪಯಸ್. ಕತ್ತಲಾಗುವವರೆಗೆ ಇಬ್ಬರೂ ಏಳಲಿಲ್ಲ.

ನಿನ್ನ ಅಕ್ಕ,
ಬ್ಲಾಂಚ್